ನಡತೆ: ಉತ್ತಮ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಒಬ್ಬನ ಹೆಸರನ್ನು ಚಂದ ಮಾಡಲು ಹೋಗಿ ಅವನ ಬಾಳು ಕೆಡಿಸಿದ ಕೈ ಇದು. ಆಮೇಲೆ ಅದನ್ನು ಸರಿಪಡಿಸುವ ಅವಕಾಶ ಬಂದಾಗ ಇದೇ ಕೈ ಹಿಂದೆ ಸರಿಯಿತು. ಇನ್ನು ನನಗೆ ಹೆಸರುಗಳ ಸಹವಾಸ ಬೇಡ.

ಬೆಳ್ತಂಗಡಿ ತಾಲೂಕಿನ ಅಳದಂಗಡಿಯಿಂದ ಸ್ವಲ್ಪ ಒಳಗೆ ಒಂದು ಅನುದಾನಿತ ಶಾಲೆಯಲ್ಲಿ ನಾನು ಕನ್ನಡ ಮಾಷ್ಟ್ರಾಗಿದ್ದೆ. ಸರಕಾರಿ ಶಾಲೆಯವರಿಗೆ ವರ್ಗಾವಣೆಯಿದೆ. ನಮಗಿಲ್ಲ. ಸೇರಿದ ಶಾಲೆಯಲ್ಲೇ ಕೂದಲು ನರೆಯುವುದು. ಸೇರಿದ ಹೊಸತರಲ್ಲಿ ನನ್ನ ಅಕ್ಷರ ದುಂಡಗಿದೆಯೆಂದು ಅಂದಿನ ಮುಖ್ಯೋಪಾಧ್ಯಾಯರು ದಾಖಲಾತಿ ಪುಸ್ತಕ ಬರೆಯುವ ಕೆಲಸ ನನಗೆ ಹೊರಿಸಿದರು. ಜೂನ್ ಬಂತೆಂದರೆ ಮಕ್ಕಳನ್ನು ಎಳೆದುಕೊಂಡು ಅಪ್ಪಂದಿರು ಬರುತ್ತಿದ್ದರು. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. "ದೊಡ್ಡ ನೆರೆ ಬಂದ ಮರುವರ್ಷ" ಎನ್ನುವರು ಕೆಲವರು. ಅಂಥವರಿಗೆಲ್ಲ ಜೂನ್ ಒಂದು. ಹಾಗಾಗಿ ನಮ್ಮ ಊರಿನ ಅರ್ಧ ಜನ ಒಂದೇ ದಿನ ಹುಟ್ಟಿದವರು.

ಶಾಲೆಯ ಇಳಿಜಾರಿನ ಬುಡದಲ್ಲಿ ಜೀನಸು ಅಂಗಡಿ ಇಟ್ಟವರು ಒಬ್ಬರು ಬ್ಯಾರಿಗಳು. ತಲೆಮಾರುಗಳಿಂದ ನಮ್ಮ ಕಡೆ ಇರುವ ಮುಸ್ಲಿಮರನ್ನು ಕರೆಯುವುದು ಹಾಗೆ. ನಾವು ಜೈನರು, ಅವರು ಬ್ಯಾರಿಗಳು, ಮನೆಯೊಳಗೆ ಅವರದು ಬ್ಯಾರಿ ಭಾಷೆಯಾದರೂ ನಮ್ಮಿಬ್ಬರ ನಡುವಿನ ಮಾತು ತುಳು. ಅವರು ತಮ್ಮ ಮಗನನ್ನು ಸೇರಿಸಲು ಬಂದರು. ಹೆಸರೇನು ಎಂದೆ. ಹೇಳಿದರು. ಎರಡೇ ಅಕ್ಷರದ, ಮನೆಯಲ್ಲಿ ಕೂಗುವ ಹೆಸರು.

"ಪೂರ್ತಿ ಹೆಸರು ಹೇಳಿ ಬ್ಯಾರಿಗಳೇ."

"ಪೂರ್ತಿ ಅಂದ್ರೆ ಅದೇ ಮಾಷ್ಟ್ರೇ. ಮುಂದೆ ಬೇಕಾದ್ರೆ ಮನೆ ಹೆಸ್ರಿನ ಒಂದಕ್ಷರ ಹಾಕಿ."

ಅಷ್ಟು ಹಾಕಿದ್ದರೆ ಸಾಕಿತ್ತು. ಆದರೆ ನನಗೆ ಆಗ ಇಪ್ಪತ್ತೈದು ದಾಟಿರಲಿಲ್ಲ, ಭಾಷೆ ತಿದ್ದುವ ತೀಟೆ ತಲೆಗೇರಿತ್ತು. ಯಾರಾದರೂ "ಹಾಸನ"ವನ್ನು "ಆಸನ" ಎಂದರೆ ಬಸ್ಸಿನಲ್ಲೇ ತಿದ್ದುವ ಜಾತಿ ನಾನು. ಎರಡಕ್ಷರದ ಆ ಹೆಸರಿನ ಹಿಂದೆ ಒಂದು ನೀಳವಾದ ಅರಬ್ಬಿ ಹೆಸರು ಇರಲೇಬೇಕೆಂದು ನನಗೆ ಗೊತ್ತಿತ್ತು. ಅದನ್ನು ಪೂರ್ತಿಯಾಗಿ, ಒತ್ತಕ್ಷರ ತಪ್ಪದಂತೆ ಬರೆದೆ. ಮನೆ ಹೆಸರಿನ ಅಕ್ಷರ ಮುಂದೆ ತೂಗಿದರೆ ಚಂದ ಕಾಣುವುದಿಲ್ಲವೆಂದು ಅದನ್ನು ಕೈಬಿಟ್ಟು, ಹಿಂದಿನಿಂದ ಅಪ್ಪನ ಹೆಸರು ಸೇರಿಸಿದೆ. ಓದಿ ಹೇಳಿದಾಗ ಬ್ಯಾರಿಗಳು ಬಾಯಿಗೆ ಕೈ ಇಟ್ಟು ನಕ್ಕರು. "ಇಷ್ಟು ದೊಡ್ಡ ಹೆಸ್ರು ಇವ ಹೊರ್ತಾನಾ ಮಾಷ್ಟ್ರೇ?" ಎಂದರು. ನಾನೂ ನಕ್ಕೆ. ಜನ್ಮದಿನಕ್ಕೆ ಜೂನ್ ಒಂದು ಹಾಕಿ ಸಹಿ ಮಾಡಿದೆ.

ಆ ಹುಡುಗ ಏಳನೆಯವರೆಗೆ ನನ್ನ ಕೈಯಲ್ಲೇ ಕನ್ನಡ ಕಲಿತ. ಚುರುಕು. ಏಳನೆಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಪಾಠ. "ಅಡಿಗೆಯವನು ಅನ್ನ ಮಾಡಿದನು" ಅಂದರೆ ಕರ್ತರಿ. "ಅಡಿಗೆಯವನಿಂದ ಅನ್ನ ಮಾಡಲ್ಪಟ್ಟಿತು" ಅಂದರೆ ಕರ್ಮಣಿ. "ಕರ್ಮಣಿಯಲ್ಲಿ ಒಂದು ಉಪಾಯ ಉಂಟು ಮಕ್ಕಳೇ, ಮಾಡಿದವ ಯಾರೂಂತ ಹೇಳಬೇಕೂಂತಲೇ ಇಲ್ಲ. ಅನ್ನ ಸೀದು ಹೋದ್ರೆ ಅಡಿಗೆಯವ ಕರ್ಮಣಿಯಲ್ಲೇ ಮಾತಾಡುವುದು" ಎಂದು ಪ್ರತಿವರ್ಷ ಅದೇ ಹಾಸ್ಯ ಮಾಡುತ್ತಿದ್ದೆ. ಮಕ್ಕಳು ಪ್ರತಿವರ್ಷ ನಗುತ್ತಿದ್ದರು. ಏಳು ಮುಗಿಸಿದವನಿಗೆ ವರ್ಗಾವಣೆ ಪತ್ರ ಬರೆದುಕೊಟ್ಟೆ. ಅದರಲ್ಲಿ "ನಡತೆ" ಎಂಬ ಒಂದು ಕಾಲಂ. ನಾನು ಎಲ್ಲರಿಗೂ "ಉತ್ತಮ" ಎಂದೇ ಬರೆಯುವುದು, ಕಿಟಕಿ ಗಾಜು ಒಡೆದವನಿಗೂ.

ನನಗೊಬ್ಬ ತಮ್ಮ. ನನಗಿಂತ ಒಂಬತ್ತು ವರ್ಷ ಚಿಕ್ಕವ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಬೊಂಬಾಯಿಗೆ ಹೋದ. ನಮ್ಮ ತಾಲೂಕಿನ ಎಷ್ಟೋ ಮನೆಗಳಿಂದ ಹೋದ ಹಾಗೆ, ಹೋಟೆಲಿಗೆ. ತಟ್ಟೆ ತೊಳೆಯುವುದರಿಂದ ಸುರುಮಾಡಿ ಕೌಂಟರಿನವರೆಗೆ ಬಂದ. ಅವನ ಕಾಗದಗಳಲ್ಲಿ ವಿಳಾಸ ಹೇಳುವ ಕ್ರಮವೇ ಹೀಗೆ: "ಶೇರು ಮಾರುಕಟ್ಟೆಯ ದೊಡ್ಡ ಕಟ್ಟಡ ಉಂಟಲ್ಲ, ಅದರ ಎದುರಿನ ಗಲ್ಲಿ." ಆ ಕಟ್ಟಡವನ್ನು ನಾವ್ಯಾರೂ ನೋಡಿರಲಿಲ್ಲ. ಆದರೂ ನಮ್ಮ ಮನೆಯಲ್ಲಿ ಅದರ ಮಾತು ದಿನಾ ಬರುತ್ತಿತ್ತು.

ತೊಂಬತ್ತಮೂರರ ಮಾರ್ಚಿನ ಒಂದು ಶುಕ್ರವಾರ ಮಧ್ಯಾಹ್ನ ಬೊಂಬಾಯಿಯಲ್ಲಿ ಒಂದರ ಮೇಲೊಂದು ಬಾಂಬ್ ಸಿಡಿದವು. ಸಂಜೆ ಆಕಾಶವಾಣಿಯಲ್ಲಿ ಕೇಳಿದ ಮೊದಲ ಜಾಗವೇ ಶೇರು ಮಾರುಕಟ್ಟೆಯ ಕಟ್ಟಡ. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ರೇಡಿಯೋದ ಎದುರು ನಿಂತಳು. ವಾರ್ತೆ ಮುಗಿದು ಹಾಡು ಸುರುವಾದರೂ ಅಲ್ಲೇ ನಿಂತಿದ್ದಳು.

ನಮ್ಮಲ್ಲಿ ಫೋನಿರಲಿಲ್ಲ. ಬ್ಯಾರಿಗಳ ಅಂಗಡಿಯಲ್ಲಿತ್ತು, ನಮ್ಮನ್ನು ಕರೆಸಿ ಮಾತಾಡಲು ತಮ್ಮನಿಗೆ ಕೊಟ್ಟ ಪಿ.ಪಿ. ನಂಬ್ರ ಅದೇ. ನಾನು ಅಲ್ಲಿಗೆ ಓಡಿದೆ. ಬೊಂಬಾಯಿಗೆ ಲೈನು ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ಅಲ್ಲಿಂದಲೇ ಬರಬೇಕೆಂದು ಕಾದು ಕೂತೆ. ಮೂರು ದಿನ ಅವರ ಅಕ್ಕಿ ಮೂಟೆಯ ಮೇಲೆ ಕೂತಿದ್ದೇನೆ. ಅದು ರಂಜಾನಿನ ತಿಂಗಳು, ಅವರಿಗೆ ಉಪವಾಸ. ಜೈನನಾದ ನಾನು ಹೊತ್ತು ಕಂತುವ ಮೊದಲು ಉಣ್ಣಬೇಕು, ಕಂತಿದ ಮೇಲೆ ಅವರು ಬಾಯಿಗೆ ನೀರು ಹಾಕಬೇಕು. ಸಂಜೆಯಾಗುತ್ತಲೇ ಅವರು ಬಾಗಿಲಿಗೆ ಬಂದು ಸೂರ್ಯನನ್ನು ನೋಡುತ್ತಿದ್ದದ್ದು ನನಗಾಗಿ.

"ಮಾಷ್ಟ್ರೇ, ನಿಮ್ಮ ಹೊತ್ತಾಯ್ತು. ಹೋಗಿ ಉಂಡು ಬನ್ನಿ. ಫೋನಿನ ಹತ್ರ ನಾನುಂಟಲ್ಲ."

"ನನಗೆ ಹಸಿವಿಲ್ಲ."

"ಹಸಿವಿಲ್ಲದಿದ್ರೆ ನಿಮ್ಮ ಅಮ್ಮನಿಗೋಸ್ಕರ ಉಣ್ಣಿ. ನೀವು ಉಣ್ಣದೆ ಅವರು ಉಣ್ಣುದಿಲ್ಲ ಮಾರಾಯ್ರೇ."

ನಾನು ಹೋಗಿ ಬರುವಷ್ಟರಲ್ಲಿ ಹೊತ್ತು ಕಂತಿರುತ್ತಿತ್ತು. ಖರ್ಜೂರ ಕೈಯಲ್ಲಿ ಹಿಡಿದು, ಕಣ್ಣು ಫೋನಿನ ಮೇಲೆಯೇ ಇಟ್ಟು ಅವರು ಕೂತಿರುತ್ತಿದ್ದರು. ಆ ಮೂರು ದಿನ ಅವರು ಸಂಜೆಯ ನಮಾಜನ್ನೂ ಪಳ್ಳಿಗೆ, ಅಂದರೆ ಮಸೀದಿಗೆ, ಹೋಗದೆ ಅಂಗಡಿಯಲ್ಲೇ ಮಾಡಿದರು. ನಾಲ್ಕನೆಯ ದಿನ ಬೆಳಿಗ್ಗೆ ಫೋನು ಬಂತು. ಎತ್ತಿದ್ದು ಅವರೇ. ಕೇಳುತ್ತ ಕೇಳುತ್ತ ಅವರ ಗಡ್ಡ ಒದ್ದೆಯಾಯಿತು. ತಮ್ಮ ಹೋದ ಎಂದೇ ನಾನು ಅಂದುಕೊಂಡೆ. "ಇದ್ದಾನೆ ಮಾಷ್ಟ್ರೇ, ಇದ್ದಾನೆ" ಎಂದು ಫೋನು ನನ್ನ ಕಿವಿಗೆ ಹಿಡಿದರು. ತಮ್ಮನ ಹೋಟೆಲಿನ ಮೂಡುಬಿದಿರೆಯ ಅಡಿಗೆಯವರು ಮಾತಾಡುತ್ತಿದ್ದರು. ಜೀವಕ್ಕೆ ಅಪಾಯವಿಲ್ಲ, ಆದರೆ ಎರಡೂ ಕಿವಿ ಹೋಗಿದೆ ಎಂದರು.

ನಾನು ಬಸ್ಸಿನಲ್ಲಿ ಹೋಗಿ ಅವನನ್ನು ಕರೆತಂದೆ. ಅವನು ಹೇಳಿದ್ದು ಇಷ್ಟೇ. ಮಧ್ಯಾಹ್ನದ ಊಟದ ಗದ್ದಲ. ನಮ್ಮದೇ ತಾಲೂಕಿನ ನೆರಿಯದ ಕಡೆಯ ಒಬ್ಬ ಸಪ್ಲಾಯರ್ ಕೌಂಟರಿಗೆ ಬಂದು ಏನೋ ಹೇಳಲು ಬಾಯಿ ತೆರೆದ. ಅವನ ಬಾಯಿ ಅಲುಗಿತು, ಮಾತು ಕೇಳಲಿಲ್ಲ. ಇವನು "ಎಂತ?" ಎಂದು ಕೇಳಿದ. ತನ್ನ ಮಾತೂ ಕೇಳಲಿಲ್ಲ. ಆಮೇಲೆ ನೋಡಿದರೆ ಗಲ್ಲಿಯ ಕಡೆಯ ಗಾಜು ಪೂರ್ತಿ ಆ ಹುಡುಗನ ಬೆನ್ನಿನಲ್ಲಿತ್ತು. ಅವನು ಅಡ್ಡ ನಿಂತಿರದಿದ್ದರೆ ಅದೆಲ್ಲ ನನ್ನ ತಮ್ಮನ ಮುಖಕ್ಕೆ. ಅಂದು ಆ ಊರಿನಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ನನಗೆ ಲೆಕ್ಕ ಸಿಗುವುದು ಆ ಒಬ್ಬನದು.

ನೆರಿಯಕ್ಕೆ ಹೋಗಲೇಬೇಕೆಂದು ತಮ್ಮ ಹಟ ಹಿಡಿದ. ಮುಂಡಾಜೆಯ ಹತ್ತಿರ ಬಸ್ಸಿಳಿದು, ಜೀಪು ಹಿಡಿದು, ಮತ್ತೆ ನಡೆದು ಹೋದೆವು. ಆ ಹುಡುಗನ ತಾಯಿ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದವರು ಎಲೆಯ ಗೆರಸಿ ಪಕ್ಕಕ್ಕಿಟ್ಟು ತಮ್ಮನ ಕೈ ಹಿಡಿದು, "ಅವ ಕಡೆಗೆ ಎಂತ ಹೇಳಿದ?" ಎಂದು ಕೇಳಿದರು. ತಮ್ಮನಿಗೆ ಕೇಳಲಿಲ್ಲ. ಅವರು ಮತ್ತೆ ಕೇಳಿದರು, ಜೋರಾಗಿ. ಅವನು ನನ್ನ ಮುಖ ನೋಡಿದ. ನಾನು ಚೀಟಿಯಲ್ಲಿ ಬರೆದು ತೋರಿಸಿದೆ. ಆ ಮಾತನ್ನು ಅವನು ಕೇಳಿರಲೇ ಇಲ್ಲವಲ್ಲ. ಅಲ್ಲೇ ಮೊದಲ ಸಲ ಅವನು ಗೊಳೋ ಎಂದು ಅತ್ತ.

ಮೂಡುಬಿದಿರೆಯಲ್ಲಿ ಅವನಿಗೊಂದು ಹುಡುಗಿ ನೋಡಿಯಾಗಿತ್ತು. ಅಲ್ಲಿಂದ ಆಮೇಲೆ ಯಾರೂ ಮಾತೆತ್ತಲಿಲ್ಲ, ನಾವೂ ಕೇಳಲಿಲ್ಲ. ಅವನು ಮನೆಯಲ್ಲಿ ಉಳಿದ. ನಿಧಾನಕ್ಕೆ ತುಟಿ ನೋಡಿ ಮಾತು ಹಿಡಿಯಲು ಕಲಿತ. ವಿಚಿತ್ರವೆಂದರೆ ತುಳು ಮಾತ್ರ ಸಿಗುತ್ತಿತ್ತು. ಕನ್ನಡದಲ್ಲಿ ಹೇಳಿದರೆ ತಲೆ ಅಲ್ಲಾಡಿಸುವ. "ನಿನ್ನ ಕನ್ನಡ ತುಟಿಯಲ್ಲಿ ಇಲ್ಲ ಅಣ್ಣ, ಪುಸ್ತಕದಲ್ಲಿ ಉಂಟು" ಎಂದು ನನ್ನನ್ನೇ ಹಾಸ್ಯ ಮಾಡುತ್ತಿದ್ದ. ಬರೆದದ್ದನ್ನು ಮಾತ್ರ ಚೆನ್ನಾಗಿ ಓದುತ್ತಿದ್ದ. ಹಗಲು ಹೆಚ್ಚಿನ ಹೊತ್ತು ಬ್ಯಾರಿಗಳ ಅಂಗಡಿಯಲ್ಲೇ ಇರುತ್ತಿದ್ದ. ಅವನೊಡನೆ ಎಲ್ಲರಿಗಿಂತ ಹೆಚ್ಚು ತಾಳ್ಮೆಯಿಂದ ಮಾತಾಡುತ್ತಿದ್ದವನು ಬ್ಯಾರಿಗಳ ಮಗ, ನಾನು ಹೆಸರಿಟ್ಟವನು. ಅವನು ಅಷ್ಟರಲ್ಲಿ ಏಸಿ ರಿಪೇರಿ ಕಲಿತು ಗಲ್ಫಿಗೆ ಹೊರಟಿದ್ದ. ಮೊದಲ ರಜೆಗೆ ಬರುವಾಗ ನನ್ನ ತಮ್ಮನಿಗೆಂದು ಕಿವಿಗೆ ಹಾಕುವ ಯಂತ್ರ ತಂದ. ಅದು ಸಿಳ್ಳೆ ಹೊಡೆಯುತ್ತಿತ್ತೇ ಹೊರತು ಮಾತು ಕೇಳಿಸಲಿಲ್ಲ. ಆದರೂ ಅವನು ರಜೆಯಲ್ಲಿ ಇದ್ದಷ್ಟು ದಿನ ತಮ್ಮ ಅದನ್ನು ಹಾಕಿಕೊಂಡೇ ತಿರುಗಿದ.

ಈಗ ನನ್ನ ಮಾತು. ತಮ್ಮ ಬಾಂಬಿನ ವಿಷಯ ಬಿಟ್ಟುಬಿಟ್ಟ. ನಾನು ಹಿಡಿದುಕೊಂಡೆ. ಹದಿಮೂರು ವರ್ಷ ಆ ಕೇಸು ನಡೆಯಿತು. ಪತ್ರಿಕೆಯಲ್ಲಿ ಬಂದ ಪ್ರತಿಯೊಂದು ತುಂಡನ್ನೂ ಕತ್ತರಿಸಿ ಫೈಲು ಮಾಡಿದೆ. ನನ್ನ ತಮ್ಮನ ಕಿವಿ ತೆಗೆದವರು ಯಾರೆಂದು ನನಗೆ ಗೊತ್ತಿರಬೇಕಿತ್ತು. ಪತ್ರಿಕೆಯ ಭಾಷೆಯೂ ನನ್ನನ್ನು ರೇಗಿಸುತ್ತಿತ್ತು. "ಬಾಂಬ್ ಇಡಲಾಗಿತ್ತು", "ಸ್ಫೋಟಿಸಲಾಯಿತು". ಯಾರು ಮಾರಾಯರೇ? ಹೇಳಿ! ಹೆಸರು ಬಂದಾಗ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದೆ. ಆ ಹೆಸರುಗಳು ನನ್ನ ಹಾಜರಿ ಪುಸ್ತಕದಲ್ಲೂ ಇದ್ದವು, ಇರದೆ ಏನು. ಬೆಳಿಗ್ಗೆ ಹಾಜರಿ ಕರೆಯುವಾಗ ಕೆಲವು ಹೆಸರುಗಳಲ್ಲಿ ನಾಲಿಗೆ ಒಂದು ಗಳಿಗೆ ನಿಲ್ಲತೊಡಗಿತು. ಮಕ್ಕಳಿಗೆ ಗೊತ್ತಾಗಿರಲಿಕ್ಕಿಲ್ಲ ಎಂದು ನಾನು ಬಹಳ ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಒಮ್ಮೆ ತಮ್ಮ ಆ ಫೈಲನ್ನು ಬಿಡಿಸಿ, ಬಟ್ಟೆ ಪೆಟ್ಟಿಗೆಯ ಅಡಿಗೆ ಹಾಸಿಬಿಟ್ಟ. ನಾನು ರೇಗಿ ಹಾರಾಡಿದೆ. ಅವನು ನನ್ನ ತುಟಿ ನೋಡದೆ ಬೇರೆ ಕಡೆ ತಿರುಗಿ ಕೂತ. ಕಿವುಡರ ಜಗಳದಲ್ಲಿ ಅದೇ ಕೊನೆಯ ಮಾತು.

ಎರಡು ಸಾವಿರದ ಆರರ ಜುಲೈಯಲ್ಲಿ ಬೊಂಬಾಯಿಯ ರೈಲುಗಳಲ್ಲಿ ಮತ್ತೆ ಬಾಂಬ್. ಅದಾಗಿ ಕೆಲವು ವಾರಗಳಲ್ಲಿ ಬ್ಯಾರಿಗಳ ಮಗ ರಜೆಗೆ ಹೊರಟವನು ಬೊಂಬಾಯಿಯಲ್ಲಿ ಇಳಿದ. ಇಳಿದಲ್ಲೇ ಪೊಲೀಸರು ತಡೆದರು. ಯಾವುದೋ ಪಟ್ಟಿಯಲ್ಲಿ ಹುಡುಕುತ್ತಿದ್ದ ಒಬ್ಬನ ಹೆಸರು, ಅಪ್ಪನ ಹೆಸರು ಸಮೇತ, ಇವನದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗೆ. ಪ್ರಶ್ನೆಗಳು ಎಷ್ಟೋ ದಿನ ನಡೆದವು. ಆಮೇಲೆ ಹೊರಗೆ ಬಿಟ್ಟರು, ಆದರೆ ಪಾಸ್‌ಪೋರ್ಟ್ ಇಟ್ಟುಕೊಂಡರು. ಊರಿನಿಂದ ದಾಖಲೆ ಬರುವವರೆಗೆ ಅಲ್ಲೇ ಇರಬೇಕೆಂದರು. ನಿಗದಿಯಾದ ದಿನದೊಳಗೆ ವಾಪಸು ಹೋಗದಿದ್ದರೆ ಗಲ್ಫಿನ ಕೆಲಸ ಹೋಗುತ್ತಿತ್ತು.

ಬ್ಯಾರಿಗಳು ಬಂಟ್ವಾಳದ ಒಬ್ಬ ವಕೀಲರನ್ನು ಹಿಡಿದರು. ವಕೀಲರು ಕಾಗದಗಳನ್ನೆಲ್ಲ ನೋಡಿ ಒಂದೇ ಮಾತು ಹೇಳಿದರಂತೆ. ಈ ಹೆಸರು ಹುಟ್ಟಿದ್ದು ಶಾಲೆಯಲ್ಲಿ. ಹೇಗೆ ಹುಟ್ಟಿತೆಂದು ಶಾಲೆಯವರೇ ಬರೆದುಕೊಡಲಿ, ಹುಡುಗ ಎಂಥವನೆಂದೂ ಬರೆಯಲಿ, ಅಷ್ಟು ಸಾಕು. ಅಷ್ಟರಲ್ಲಿ ನಾನೇ ಮುಖ್ಯೋಪಾಧ್ಯಾಯ. ಮಳೆ ಹನಿಯುತ್ತಿದ್ದ ಒಂದು ಮಧ್ಯಾಹ್ನ ಬ್ಯಾರಿಗಳು ಶಾಲೆಯ ಜಗಲಿಯಲ್ಲಿ ಕೊಡೆ ಮಡಚಿ ನಿಂತರು. ಒಂದು ತಿಂಗಳಲ್ಲಿ ಮುದುಕರಾಗಿದ್ದರು.

"ಮಾಷ್ಟ್ರೇ, ಹೆಸರು ನೀವು ಬರೆದದ್ದಲ್ವಾ. ನಿಮಗೆ ನೆನಪುಂಟಲ್ಲ. ನಾನು ಮನೆ ಹೆಸ್ರು ಹಾಕಿ ಅಂತ ಹೇಳಿದ್ದೆ."

"ನೆನಪುಂಟು."

"ಅದನ್ನೇ ಬರೀರಿ. ಮತ್ತೆ ಅವ ಎಂಥವ ಅಂತ. ನಿಮಗಿಂತ ಯಾರಿಗೆ ಗೊತ್ತುಂಟು?"

"ನಾಳೆ ಬನ್ನಿ ಬ್ಯಾರಿಗಳೇ."

ಆಗಲೇ ಬರೆಯಬಹುದಿತ್ತು. ಎದುರಿಗೇ ಕಾಗದವಿತ್ತು, ಶಾಲೆಯ ಮೊಹರು ಇತ್ತು. ಯಾಕೆ ನಾಳೆ ಎಂದೆ? ನಿಜ ಹೇಳುತ್ತೇನೆ. ಹೆದರಿದೆ. ಜೊತೆಯ ಮಾಷ್ಟ್ರೊಬ್ಬರು, "ನೋಡಿ ಬರೀರಿ ಸರ್, ನಾಳೆ ಎಂತಾದ್ರೂ ಹೊರಬಿದ್ರೆ ಸಹಿ ನಿಮ್ಮದು" ಎಂದಿದ್ದರು. ಫೈಲಿನಲ್ಲಿದ್ದ ಒಂದು ತುಂಡು ನೆನಪಾಗುತ್ತಿತ್ತು. ಸಿಕ್ಕಿಬಿದ್ದ ಒಬ್ಬನ ಬಗ್ಗೆ ನೆರೆಹೊರೆಯವರು "ಒಳ್ಳೆಯವನೇ ಆಗಿದ್ದ" ಎಂದು ಹೇಳಿದ್ದರಂತೆ. ಹೆದರಿಕೆ ಮಾತ್ರವೇ ಆಗಿದ್ದರೆ ನನ್ನನ್ನು ನಾನು ಕ್ಷಮಿಸಬಹುದಿತ್ತೇನೋ. ಅದರ ಅಡಿಯಲ್ಲಿ ಒಂದು ಸಿಟ್ಟೂ ಇತ್ತು. ನನ್ನ ತಮ್ಮನ ಕಿವಿಗೆ ಯಾರು ಸರ್ಟಿಫಿಕೇಟು ಕೊಟ್ಟರು? ಇವರದೂ ಸ್ವಲ್ಪ ಸುಡಲಿ. ಹೀಗೆ ಒಂದು ಕ್ಷಣ ಅನ್ನಿಸಿತು. ಮೂರು ದಿನ ತನ್ನ ಉಪವಾಸ ಮರೆತು ನನ್ನ ಊಟ ಕಾದವರ ಬಗ್ಗೆ ಅನ್ನಿಸಿತು. ನಾಚಿಕೆಗೇಡು, ಆದರೆ ಅನ್ನಿಸಿದ್ದು ಹೌದು.

ಮೂರನೆಯ ದಿನ ಬರೆದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಕಾಗದ. ಎರಡೇ ವಾಕ್ಯ, ಇಂದಿಗೂ ಬಾಯಿಪಾಠ ಇದೆ. "ಪೋಷಕರು ನೀಡಿದ ಮಾಹಿತಿಯಂತೆ ವಿದ್ಯಾರ್ಥಿಯ ಹೆಸರನ್ನು ದಾಖಲಿಸಲಾಗಿದೆ. ಶಾಲೆಯಲ್ಲಿದ್ದ ಅವಧಿಯಲ್ಲಿ ಸದರಿಯವರ ನಡತೆ ಉತ್ತಮವಾಗಿರುತ್ತದೆ."

ಮೊದಲನೆಯದು ಸುಳ್ಳು. ಪೋಷಕರು ಎರಡಕ್ಷರ ನೀಡಿದ್ದರು, ಉಳಿದದ್ದು ನನ್ನ ಪಾಂಡಿತ್ಯ. ಎರಡನೆಯದು ನಿಜ, ಸುಳ್ಳಿಗಿಂತ ಕೆಟ್ಟ ನಿಜ. ಕಿಟಕಿ ಗಾಜು ಒಡೆದವನಿಗೂ ಬರಿಯ "ಉತ್ತಮ" ಎಂದು ಬರೆದವನು ಇವನಿಗೆ ಮಾತ್ರ "ಶಾಲೆಯಲ್ಲಿದ್ದ ಅವಧಿಯಲ್ಲಿ" ಎಂದು ಬೇಲಿ ಹಾಕಿದೆ. ಮೊಹರು ಒತ್ತಿ ಕೊಟ್ಟೆ. ಬ್ಯಾರಿಗಳಿಗೆ ಕನ್ನಡ ಓದಲು ಬಾರದು. ಅವರು ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮಳೆಯಲ್ಲಿ ಇಳಿದು ಹೋದರು.

ಆಮೇಲಿನದನ್ನು ನಾನು ಕೇಳಿ ತಿಳಿದದ್ದು. ವಕೀಲರು ಅದನ್ನು ಇಂಗ್ಲಿಷಿಗೆ ಮಾಡಿ ಕಳಿಸಿದರು. ಅಲ್ಲಿಯವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು. ಶಾಲೆ ಬಿಟ್ಟ ಮೇಲೆ? ಹೆಸರು ಮನೆಯವರೇ ಕೊಟ್ಟದ್ದಾದರೆ ತಂದೆ ಈಗ ಬೇರೆ ಹೇಳುವುದೇಕೆ? ವಕೀಲರು ಬ್ಯಾರಿಗಳಿಗೆ ಇದನ್ನು ಬಿಡಿಸಿ ಹೇಳದೆ ಬೇರೆ ದಾಖಲೆ ಕೇಳಿದರು, ಅದರ ಮೇಲೆ ಇನ್ನೊಂದು. ಬೆಳ್ತಂಗಡಿಗೆ, ಬಂಟ್ವಾಳಕ್ಕೆ ಬ್ಯಾರಿಗಳು ತಿರುಗಿದರು. ಗಲ್ಫಿನವರು ಕಾಯಲಿಲ್ಲ, ಕೆಲಸ ಹೋಯಿತು. ಮಗ ನಾಲ್ಕು ತಿಂಗಳ ಮೇಲೆ ಊರಿಗೆ ಬಂದ, ಬರಿಗೈಯಲ್ಲಿ. ತಪ್ಪಿತಸ್ಥನಲ್ಲವೆಂದು ಯಾರೂ ಬರೆದುಕೊಡಲಿಲ್ಲ. ಹೋಗಬಹುದು ಎಂದರಂತೆ, ಅಷ್ಟೆ.

ಬಂದವನು ಬೇರೆಯವನಾಗಿದ್ದ. ಅಪ್ಪನ ಅಂಗಡಿಯಲ್ಲಿ ಕೂತ, ತೂಗಿ ಕೊಟ್ಟ, ಮಾತು ಕಡಿಮೆ. ನಾನು ಅವನ ನಿಜವಾದ ಪಾಡನ್ನು ಕಂಡದ್ದು ಬೆಳ್ತಂಗಡಿಯ ಒಂದು ಕಚೇರಿಯಲ್ಲಿ. ರೇಷನ್ ಕಾರ್ಡಿನ ಕೆಲಸಕ್ಕೆ ನಾನೂ ತಮ್ಮನೂ ಹೋಗಿದ್ದೆವು, ಅವನೂ ಬಂದಿದ್ದ. ಗುಮಾಸ್ತರು ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಅವನ ಹೆಸರು ಕೂಗಿದರು, ನಾನು ಬರೆದ ಆ ಪೂರ್ತಿ ಹೆಸರು, ಒತ್ತಕ್ಷರ ಸಮೇತ. ಅವನು ಏಳಲಿಲ್ಲ. ಮತ್ತೆ ಕೂಗಿದರು. ಅವನು ನೆಲ ನೋಡುತ್ತ ಕೂತೇ ಇದ್ದ, ಕುತ್ತಿಗೆಯ ಮೇಲೆ ಬೆವರು. ಮೂರನೆಯ ಸಲ ಕೂಗಿ, "ಬರ್ಲಿಲ್ಲ ಕಾಣ್ತದೆ" ಎಂದು ಅವನ ಕಾಗದ ಅಡಿಗೆ ಹಾಕಿದರು. ಪಕ್ಕದ ಬೆಂಚಿನಲ್ಲಿ ನನ್ನ ತಮ್ಮ, ತನ್ನ ಹೆಸರು ಕೂಗಿದರೆ ಕೇಳುವುದಿಲ್ಲವೆಂದು ಗುಮಾಸ್ತರ ತುಟಿಯನ್ನೇ ದಿಟ್ಟಿಸುತ್ತಿದ್ದ. ಇಬ್ಬರನ್ನೂ ಒಟ್ಟಿಗೆ ನೋಡಲು ನನ್ನಿಂದ ಆಗಲಿಲ್ಲ. ಹೊರಗೆ ಹೋಗಿ ನಿಂತೆ.

ಬ್ಯಾರಿಗಳು ಮಾತ್ರ ನನ್ನನ್ನು ಕಂಡಾಗಲೆಲ್ಲ ಕೈ ಹಿಡಿಯುತ್ತಿದ್ದರು. "ಎಷ್ಟು ಚಂದ ಬರ್ದಿದ್ರಿ ಮಾಷ್ಟ್ರೇ. ನಮ್ಮ ದೆಸೆ ಸರಿ ಇರ್ಲಿಲ್ಲ. ಆದ್ರೂ ನೀವು ಬರ್ದದ್ದು ಕೇಳಿ ನನ್ನ ಎದೆ ತಂಪಾಯ್ತು" ಎನ್ನುತ್ತಿದ್ದರು. ಯಾರು ಓದಿ ಹೇಳಿದರು, ಹೇಗೆ ಓದಿದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನಾನು ಆ ದಾರಿಯಲ್ಲಿ ಹೋಗುವುದನ್ನೇ ಕಡಿಮೆ ಮಾಡಿದೆ. ಒಂದು ವರ್ಷ ಕಳೆಯುವುದರೊಳಗೆ ಅವರು ತೀರಿಕೊಂಡರು. ಕಡೆಯ ಸಲ ನೋಡಲು ಹೋದಾಗಲೂ ಅದೇ ಮಾತು, ಅದೇ ಕೃತಜ್ಞತೆ. ನಾನು "ಇರ್ಲಿ ಬ್ಯಾರಿಗಳೇ" ಎಂದು ಹೇಳಿ ಬಂದೆ.

ನಿವೃತ್ತಿಯ ವರ್ಷ ಶಾಲೆಯ ನನ್ನ ಖಾಸಗಿ ಕಾಗದಗಳನ್ನು ಮನೆಗೆ ತಂದು ಚಾವಡಿಯಲ್ಲಿ ಸುರಿದೆ. ಬೇಕಾದ್ದು ಬೇಡವಾದ್ದು ವಿಂಗಡಿಸಲು ತಮ್ಮ ಕೂತ. ಅದರಲ್ಲಿ ಆ ಕಾಗದದ ಕಾರ್ಬನ್ ಪ್ರತಿ ಇತ್ತೆಂದು ನನಗೆ ಮರೆತೇ ಹೋಗಿತ್ತು. ಅವನು ಅದನ್ನು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಕಿವಿ ಕೇಳದವರ ದೊಡ್ಡ ಸ್ವರದಲ್ಲಿ ಕೇಳಿದ:

"ಉಂದು ಏರ್ ಬರೆಯಿನಿ?" ಇದು ಯಾರು ಬರೆದದ್ದು?

ಅಡಿಯಲ್ಲಿ ನನ್ನ ಸಹಿ ಇತ್ತು. ಅವನಿಗೆ ಅದು ಕಾಣದೆ ಅಲ್ಲ. "ದಾಖಲಿಸಲಾಗಿದೆ" ಎಂಬಲ್ಲಿ ಬೆರಳಿಟ್ಟು ಮತ್ತೆ ಕೇಳಿದ, "ಏರ್?"

ನಾನು "ಯಾನ್" ಎಂದೆ. ನಾನು.

"ಆಯೆ ಎಡ್ಡೆ ಜನ ಅತ್ತಾ ಅಣ್ಣ?" ಅವನು ಒಳ್ಳೆಯವನಲ್ಲವಾ ಅಣ್ಣ? ಕಾಗದವನ್ನು ನನ್ನ ಮುಖದೆದುರು ಹಿಡಿದ. "ಬಾಂಬ್ ಬಿದ್ದದ್ದು ನನಗೆ. ನನಗೆ ಅನುಮಾನ ಇರ್ಲಿಲ್ಲ. ನಿನಗೆ ಎಲ್ಲಿಂದ ಬಂತು?"

ನಾನು ಏನೋ ಹೇಳತೊಡಗಿದೆ. ಅವನು ಮುಖ ತಿರುಗಿಸಿದ. ಅನೇಕ ದಿನ ಅವನು ನನ್ನ ತುಟಿಯತ್ತ ನೋಡಲೇ ಇಲ್ಲ.

ನಾನು ಕೂತು ಹೊಸ ಕಾಗದ ಬರೆದೆ. ಮೊಹರಿಲ್ಲ, ಹುದ್ದೆಯಿಲ್ಲ, ಬಿಳಿ ಹಾಳೆ. ಪೂರ್ತಿ ಕರ್ತರಿ ಪ್ರಯೋಗದಲ್ಲಿ ಬರೆದೆ. "ಈ ಹೆಸರನ್ನು ನಾನು ಬರೆದೆನು. ತಂದೆ ಹೇಳಿದ ಹೆಸರು ಬೇರೆ. ತಪ್ಪು ನನ್ನದು. ಇವನನ್ನು ನಾನು ಮೂವತ್ತು ವರ್ಷಗಳಿಂದ ಬಲ್ಲೆನು. ಇವನು ಒಳ್ಳೆಯವನು. ಇದಕ್ಕೆ ನಾನು ಹೊಣೆ." ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಯಾರೂ ಇಲ್ಲದಾಗ ತೆಗೆದುಕೊಂಡು ಹೋದೆ. ಅವನು ತಕ್ಕಡಿ ಒರಸುತ್ತಿದ್ದವನು ಕೈ ಒರಸಿಕೊಂಡು ಕಾಗದ ತೆಗೆದುಕೊಂಡ. ನಿಧಾನವಾಗಿ ಓದಿದ.

"ಹಳೆಯದನ್ನು ನೀನು ಓದಿದ್ದೀಯಾ?" ಎಂದೆ.

"ಅದರ ಪ್ರತಿ ವಕೀಲ್ರು ವಾಪಸ್ ಕೊಟ್ಟಿದ್ರು. ಓದಿದ್ದೇನೆ ಮಾಷ್ಟ್ರೇ." ತಕ್ಕಡಿಯ ತಟ್ಟೆಯನ್ನು ಸರಿಮಾಡಿ ನಿಲ್ಲಿಸಿದ. "ಕರ್ಮಣಿ ಪ್ರಯೋಗ ನೀವೇ ಕಲಿಸಿದ್ದಲ್ವಾ."

ನಾನು ಅಕ್ಕಿ ಮೂಟೆಯ ಮೇಲೆ ಕೂತೆ. ಅವನು ಹೊಸ ಕಾಗದವನ್ನು ಇನ್ನೊಮ್ಮೆ ನೋಡಿದ.

"ನಾನು ಬೊಂಬಾಯಿಯಿಂದ ಬಂದ ದಿನ ಬಾಪ ಆ ಪ್ರತಿ ತಂದು ನನ್ನ ಕೈಯಲ್ಲಿಟ್ರು. ಮಾಷ್ಟ್ರು ಎಂತ ಬರ್ದಿದ್ದಾರೆ, ಓದು ಅಂತ. ಅದರಲ್ಲಿದ್ದದ್ದನ್ನು ಓದ್ಲಿಕ್ಕೆ ಬಾಯಿ ಬರ್ಲಿಲ್ಲ. ಬಾಪನಿಗೆ ನೀವು ಅಂದ್ರೆ ಅಷ್ಟು..." ಅಪ್ಪ ಕೂರುತ್ತಿದ್ದ ಕಡೆ ನೋಡಿದ. "ಹೆಸರು ಬರೆದದ್ದು ನಾನೇ, ತಪ್ಪು ನನ್ನದು, ಹುಡುಗ ಒಳ್ಳೆಯವ, ನಾನು ಹೊಣೆ. ನೀವು ಹಾಗೆ ಬರ್ದಿದ್ದೀರಿ ಅಂತ ಓದಿದೆ. ಹೆಚ್ಚು ಕಮ್ಮಿ ಇದೇ ಮಾತು."

ಕಾಗದವನ್ನು ನಾನು ಮಡಚಿದ್ದ ಗೆರೆಯಲ್ಲೇ ಮಡಚಿ ನನ್ನ ಕೈಗೆ ವಾಪಸು ಕೊಟ್ಟ.

"ಬಾಪ ಕೇಳಿ ಆಗಿದೆ ಮಾಷ್ಟ್ರೇ. ಇನ್ನು ಇದು ಯಾರಿಗೆ?"